ಬೋರ್ ನೀರಿನ ಊರಲ್ಲಿ ಹೊಳೆಯ ಮೀನು: ಪುಟ್ಟ ಕ್ಯಾಟ್‌ಫಿಶ್ ಸಾಕಲು ಸಮಗ್ರ ಮಾರ್ಗದರ್ಶಿ

ತುಮಕೂರು ಕಡೆ ಹೊಳೆ ಅಂದರೆ ವರ್ಷದ ಹೆಚ್ಚಿನ ದಿನ ಬರೀ ಮರಳು. ಜಯಮಂಗಲಿ, ಶಿಂಷಾ ಎರಡೂ ದೇವರಾಯನದುರ್ಗದ ಬೆಟ್ಟಗಳಲ್ಲೇ ಹುಟ್ಟುತ್ತವೆ. ಆದರೆ ಒಳ್ಳೆ ಮಳೆ ಬಿದ್ದಾಗ ಮಾತ್ರ ಹರಿಯುವುದು ಕಾಣುತ್ತದೆ. ಮನೆಗೆ ಬರುವುದು ಬೋರ್ ನೀರು. ನಗರದೊಳಗಿದ್ದರೆ ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು. ಇಂಥ ಊರಲ್ಲಿ ಹೊಳೆಯ ಪುಟ್ಟ ಕ್ಯಾಟ್‌ಫಿಶ್‌ಗಳನ್ನು ಸಾಕಬಹುದಾ ಎಂದು ತುಂಬ ಜನ ಕೇಳುತ್ತಾರೆ. ಖಂಡಿತ ಸಾಕಬಹುದು. ವರ್ಷಗಟ್ಟಲೆ ಆರೋಗ್ಯವಾಗಿ ಇಟ್ಟುಕೊಳ್ಳಬಹುದು, ಮರಿ ಮಾಡಿಸಲೂಬಹುದು. ಆದರೆ ಮೀನು ತರುವ ಮುಂಚೆ ಎರಡು ವಿಷಯ ಸರಿಯಾಗಬೇಕು: ನೀರು ಮತ್ತು ತಳ. ಈ ಮೀನು ಬದುಕುವುದೇ ತಳದಲ್ಲಿ. ತಿನ್ನದೆ ಬಿಟ್ಟ ಆಹಾರ, ಬೇರೆ ಮೀನಿನ ಹಿಕ್ಕೆ, ಕೊಳೆತ ಎಲೆ, ಎಲ್ಲ ಬಂದು ಕೂರುವುದೂ ಅಲ್ಲೇ. ತಳ ಕೆಟ್ಟರೆ ಮೊದಲು ನರಳುವುದು ಇದೇ ಮೀನು.

ಯಾವ ಮೀನು ತರಬೇಕು

ಹೊಸಬರಿಗೆ ನಾನು ಹೇಳುವುದು ಕೊರಿಡೋರಾಸ್. ಅಂಗಡಿಯವರು ಸುಮ್ನೆ ‘ಕೋರಿ’ ಅನ್ನುತ್ತಾರೆ. ದಕ್ಷಿಣ ಅಮೆರಿಕದ ಹೊಳೆ, ತೊರೆಗಳ ಮೀನು. ಹೆಚ್ಚಿನ ಜಾತಿಗಳು 5ರಿಂದ 7 ಸೆಂಟಿಮೀಟರ್ ಮೀರುವುದಿಲ್ಲ. ಯಾರ ತಂಟೆಗೂ ಹೋಗುವುದಿಲ್ಲ. ಕಣ್ಣನ್ನು ಫಕ್ಕನೆ ಕೆಳಕ್ಕೆ ತಿರುಗಿಸುತ್ತದೆ, ನೋಡುವವರಿಗೆ ಕಣ್ಣು ಹೊಡೆದಂತೆ ಕಾಣುತ್ತದೆ. ಮಕ್ಕಳಿಗಂತೂ ಇದು ಬಲು ಇಷ್ಟ.

ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಮೂರು. ಕಂಚಿನ ಬಣ್ಣದ ಬ್ರಾಂಜ್ ಕೋರಿ, ಅದರದೇ ಬಿಳಿ ಮೈ ಕೆಂಪು ಕಣ್ಣಿನ ಆಲ್ಬಿನೋ, ಮತ್ತೆ ಮೈಮೇಲೆ ಕಪ್ಪು ಮಚ್ಚೆಗಳಿರುವ ಪೆಪ್ಪರ್ ಕೋರಿ. ಪೆಪ್ಪರ್ ಕೋರಿಯನ್ನು ಬೀಗಲ್ ಹಡಗಿನ ಪ್ರಯಾಣದಲ್ಲಿ ಚಾರ್ಲ್ಸ್ ಡಾರ್ವಿನ್ ಅವರೇ ಸಂಗ್ರಹಿಸಿದ್ದರು. 1842ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಿತ್ತು. ಚೆಂದದ ಮೀನು, ಆದರೆ ತಂಪು ಸೀಮೆಯದು. ನೀರು 25 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬ್ರಾಂಜ್ ಕೋರಿಯೇ ಸರಿ. ಸ್ವಲ್ಪ ದುಡ್ಡು ಹೆಚ್ಚಾದರೂ ಪರವಾಗಿಲ್ಲ ಅನ್ನುವವರು ಸ್ಟರ್ಬಾಯ್ ಕೋರಿ ತರಬಹುದು. ಅದು 28 ಡಿಗ್ರಿಯವರೆಗೂ ಆರಾಮವಾಗಿರುತ್ತದೆ.

ಒಂದೋ ಎರಡೋ ತಂದು ಬಿಡಬೇಡಿ. ಕೋರಿ ಗುಂಪಿನ ಮೀನು. ಒಂದೇ ಜಾತಿಯದು ಕನಿಷ್ಠ ಆರು ಇರಲಿ. ಒಂಟಿ ಕೋರಿ ಮೂಲೆ ಹಿಡಿದು ಕೂರುತ್ತದೆ, ಊಟವನ್ನೂ ಸರಿಯಾಗಿ ಮಾಡುವುದಿಲ್ಲ.

ನಮ್ಮ ಕೆರೆ, ಹಳ್ಳಗಳದೇ ಕ್ಯಾಟ್‌ಫಿಶ್ ಆದ ಗಿರ್ಲು ಮೀನನ್ನೂ ಸಾಕಬಹುದು. ನಾಲ್ಕು ಜೊತೆ ಮೀಸೆ, ಮೈಮೇಲೆ ಉದ್ದುದ್ದ ಪಟ್ಟೆ. ಬೋರ್ ನೀರಿಗೆ ಕೋರಿಗಿಂತ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಬಾಯಿಗೆ ಹಿಡಿಯುವ ಸಣ್ಣ ಮೀನನ್ನು ರಾತ್ರಿ ಹೊತ್ತು ನುಂಗಿಬಿಡುತ್ತದೆ. ಅದಕ್ಕೆ ನಾಲ್ಕು ಅಡಿ ಟ್ಯಾಂಕ್, ಅಡಗಲು ಪಿವಿಸಿ ಪೈಪಿನ ತುಂಡುಗಳು ಬೇಕು. ಮುಳ್ಳೂ ಜೋರು. ಅದಕ್ಕೇ ಎರಡನೇ ಟ್ಯಾಂಕಿಗೆ ಗಿರ್ಲು, ಮೊದಲನೆಯದಕ್ಕೆ ಕೋರಿ ಎಂಬುದು ನನ್ನ ಅಭಿಪ್ರಾಯ.

‘ಗ್ಲಾಸ್ ಕ್ಲೀನ್ ಮಾಡುತ್ತೆ’ ಎಂದು ಅಂಗಡಿಯವರು ಕೊಡುವ ಸಕ್ಕರ್ ಮೀನು ಬೇಡವೇ ಬೇಡ. ಎರಡು ಇಂಚಿನದು ಒಂದು ಅಡಿ ದಾಟಿ ಬೆಳೆಯುತ್ತದೆ. ಆಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಅದು ಹಾಗೆಯೇ ತುಂಬಿಕೊಂಡು, ಅಲ್ಲಿನ ಮೀನುಗಳಿಗೂ ಬಲೆ ಹಾಕುವವರಿಗೂ ಕಾಟವಾಗಿದೆ. ತುಮಕೂರಿನ ಅಮಾನಿಕೆರೆಗಾಗಲಿ ನಿಮ್ಮೂರ ಕಟ್ಟೆಗಾಗಲಿ ಅಕ್ವೇರಿಯಂ ಮೀನನ್ನು ಯಾವತ್ತೂ ಬಿಡಬೇಡಿ. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ನೀರು: ಇಲ್ಲೇ ಅರ್ಧ ಕೆಲಸ

ನಿಮ್ಮ ಬೋರ್ ನೀರಲ್ಲಿ ಬೇಳೆ ಬೇಯಲು ಸತಾಯಿಸುತ್ತದಾ? ಸೋಪು ನೊರೆ ಬರುವುದಿಲ್ಲವಾ? ಬಕೆಟ್ಟಿನ ಅಂಚಿಗೆ ಬಿಳಿ ಸುಣ್ಣ ಕಟ್ಟುತ್ತದಾ? ಹಾಗಾದರೆ ಅದು ಗಡಸು ನೀರು. ನಮ್ಮ ಜನ ‘ಉಪ್ಪು ನೀರು’ ಅನ್ನುವುದು ಇದನ್ನೇ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಇದೇ ಕಥೆ. ಪಾವಗಡದಂಥ ಕಡೆ ಇದರ ಜೊತೆಗೆ ಫ್ಲೋರೈಡ್ ಬೇರೆ. ಕೋರಿಗಳಿಗೆ ಬೇಕಾದದ್ದು ಮೆದು ನೀರು. ಫಾರಂನಲ್ಲಿ ಹುಟ್ಟಿದವು ಸ್ವಲ್ಪ ಗಡಸನ್ನು ತಡೆದುಕೊಳ್ಳುತ್ತವೆ, ಆದರೆ ಅದಕ್ಕೂ ಒಂದು ಮಿತಿ ಇದೆ.

ಮೊದಲು ಒಂದು ಟಿಡಿಎಸ್ ಮೀಟರ್ ಕೊಳ್ಳಿ. ಪೆನ್ನಿನಂತೆ ಇರುತ್ತದೆ, ದುಬಾರಿಯೇನಲ್ಲ. ನೀರಲ್ಲಿ ಕರಗಿರುವ ಲವಣಗಳ ಒಟ್ಟು ಲೆಕ್ಕ ಅದು ಕೊಡುತ್ತದೆ. ಗಡಸುತನವನ್ನೇ ನೇರವಾಗಿ ಅಳೆಯುವುದಿಲ್ಲ, ಆದರೆ ಒಂದು ಅಂದಾಜಿಗೆ ಸಾಕು. ಟ್ಯಾಂಕಿನ ನೀರು 150ರಿಂದ 300ರ ಒಳಗೆ ಇದ್ದರೆ ಕೋರಿಗೆ ಒಳ್ಳೆಯದು.

ಬೋರ್ ನೀರನ್ನು ಈ ಮಟ್ಟಕ್ಕೆ ಇಳಿಸುವ ಸುಲಭ ದಾರಿ ಬೆರಕೆ. ಹಳ್ಳಿ ಹಳ್ಳಿಯಲ್ಲೂ ಈಗ ಶುದ್ಧ ಕುಡಿಯುವ ನೀರಿನ ಘಟಕ ಇದೆ, 20 ಲೀಟರ್ ಕ್ಯಾನ್ ತುಂಬಿಸಿ ತರಬಹುದು. ಅದು ಆರ್‌ಒ ನೀರು, ಅಂದರೆ ಲವಣಗಳನ್ನು ಸೋಸಿ ತೆಗೆದ ನೀರು. ಉದಾಹರಣೆಗೆ ನಿಮ್ಮ ಬೋರ್ ನೀರು 900, ಘಟಕದ ನೀರು 60 ತೋರಿಸಿತು ಅಂದುಕೊಳ್ಳಿ. ಒಂದು ಬಿಂದಿಗೆ ಬೋರ್ ನೀರಿಗೆ ಮೂರು ಬಿಂದಿಗೆ ಘಟಕದ ನೀರು ಸೇರಿಸಿದರೆ 270 ಬರುತ್ತದೆ. 900ಕ್ಕೆ ಮೂರು ಸಲ 60 ಕೂಡಿಸಿ ನಾಲ್ಕರಿಂದ ಭಾಗಿಸಿ, ಅಷ್ಟೇ ಲೆಕ್ಕ. ನಿಮ್ಮ ಮನೆಯ ಅಳತೆಗೆ ತಕ್ಕಂತೆ ಪ್ರಮಾಣ ಹೊಂದಿಸಿಕೊಳ್ಳಿ, ಒಂದು ಚೀಟಿಯಲ್ಲಿ ಬರೆದು ಟ್ಯಾಂಕಿನ ಪಕ್ಕ ಅಂಟಿಸಿ. ಪ್ರತಿ ಸಲ ಅದೇ ಬೆರಕೆ ಇರಬೇಕು.

ಬರೀ ಆರ್‌ಒ ನೀರೇ ತುಂಬಿಸೋಣ ಅನಿಸಬಹುದು. ಬೇಡ. ಅದರಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಇದ್ದಕ್ಕಿದ್ದಂತೆ ಕುಸಿಯಬಹುದು. ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿಕೊಂಡವರು ಇನ್ನೊಂದು ವಿಷಯ ಗಮನಿಸಿ. ಆ ಯಂತ್ರ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪು ನೊರೆ ಬರುತ್ತದೆ ನಿಜ, ಆದರೆ ಟಿಡಿಎಸ್ ಇಳಿಯುವುದಿಲ್ಲ. ಅದು ಈ ಮೀನಿನ ನೀರಲ್ಲ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿಯಿಂದ ನೀರು ಹಿಡಿಯಿರಿ.

ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ. ಮೊದಲೆರಡು ಮಳೆ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದುಕೊಂಡು ಹೋಗಲಿ. ಆಮೇಲೆ ಹಿಡಿದ ನೀರನ್ನು ಮುಚ್ಚಿದ ಡ್ರಮ್ಮಿನಲ್ಲಿ ಇಟ್ಟು, ಆರ್‌ಒ ನೀರಿನ ಬದಲು ಬಳಸಿ. ಮುಚ್ಚಳ ಭದ್ರವಾಗಿರಲಿ, ಸೊಳ್ಳೆ ಮೊಟ್ಟೆ ಇಡುತ್ತದೆ.

ಹೇಮಾವತಿ ನೀರು ಬರುವ ಮನೆಯವರಿಗೆ ಕೆಲಸ ಕಡಿಮೆ. ಅದು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಆದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಡ್ರಮ್ಮಿನಲ್ಲಿ ಒಂದು ದಿನ ಗಾಳಿಯ ಪಂಪು ಹಾಕಿ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ. ಬೋರ್ ನೀರನ್ನೂ ಹೀಗೇ ಒಂದು ದಿನ ಗಾಳಿ ಹಾಯಿಸಿಯೇ ಬಳಸಿ. ಆಳದಿಂದ ಆಗಷ್ಟೇ ಮೇಲೆ ಬಂದ ನೀರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ.

ಟ್ಯಾಂಕ್, ಮರಳು, ಕಲ್ಲು

ಎತ್ತರಕ್ಕಿಂತ ಉದ್ದ ಮುಖ್ಯ. ತಳದ ಮೀನಿಗೆ ತಳವೇ ಅಂಗಳ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಆರರಿಂದ ಎಂಟು ಕೋರಿಗೆ ಚೆನ್ನಾಗಿ ಆಗುತ್ತದೆ. ಅಂಚಿನವರೆಗೆ ತುಂಬಿದರೆ ಅದು 85 ಲೀಟರ್, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 70ರ ಆಸುಪಾಸು. ಗಾಜು, ಕಲ್ಲು ಎಲ್ಲ ಸೇರಿ ತೂಕ ನೂರು ಕಿಲೋ ದಾಟುತ್ತದೆ. ಟಿವಿ ಸ್ಟ್ಯಾಂಡ್ ಮೇಲೆ ಇಡುವ ಯೋಚನೆ ಬೇಡ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ರಸಮಟ್ಟ ನೋಡಿ, ಗಾಜಿನ ಕೆಳಗೆ ಥರ್ಮಾಕೋಲ್ ಹಾಸಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಇರಲಿ.

ಇನ್ನು ಮರಳು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಕೋರಿಯ ಆರೋಗ್ಯ ನಿಂತಿರುವುದು ಇದರ ಮೇಲೆ. ಕೋರಿ ಊಟ ಮಾಡುವುದನ್ನು ಹತ್ತಿರದಿಂದ ನೋಡಿ. ಮೂತಿಯನ್ನು ಕಣ್ಣಿನವರೆಗೂ ಮರಳಿಗೆ ತೂರಿಸುತ್ತದೆ. ಒಂದು ಬಾಯಿ ಮರಳು ತೆಗೆದುಕೊಳ್ಳುತ್ತದೆ. ತಿನ್ನುವಂಥದ್ದನ್ನು ಒಳಗೆ ಇಟ್ಟುಕೊಂಡು, ಉಳಿದ ಮರಳನ್ನು ಕಿವಿರಿನ ಸಂದಿಯಿಂದ ಸಣ್ಣ ಹೊಗೆಯಂತೆ ಹೊರಗೆ ಬಿಡುತ್ತದೆ. ದಿನವಿಡೀ ಇದೇ ಕೆಲಸ. ಆಹಾರ ಹುಡುಕುವುದು ಮೀಸೆಯಿಂದ. ಮರಳು ಚೂಪಾಗಿದ್ದರೆ ಮೀಸೆಗೆ ಗಾಯವಾಗುತ್ತದೆ. ತಳ ಕೊಳಕಾಗಿದ್ದರೆ ಆ ಗಾಯಕ್ಕೆ ಸೋಂಕು ತಗಲುತ್ತದೆ. ಮೀಸೆ ಸವೆದು ಮೊಂಡಾಗುತ್ತದೆ.

ಆದ್ದರಿಂದ ಎಂ-ಸ್ಯಾಂಡ್ ಪೂರ್ತಿ ನಿಷಿದ್ಧ. ಈಗ ಮನೆ ಕಟ್ಟುವ ಕಡೆಯೆಲ್ಲ ಸಿಗುವುದು ಅದೇ, ಆದರೆ ಅದು ಒಡೆದ ಕಲ್ಲಿನ ಪುಡಿ. ಪ್ರತಿ ಕಾಳಿಗೂ ಅಂಚು ಇರುತ್ತದೆ. ಮಣ್ಣು ತೊಳೆದು ಮಾಡುವ ‘ಫಿಲ್ಟರ್ ಮರಳು’ ಕೂಡ ಬೇಡ. ಕಾನೂನಿಗೆ ವಿರುದ್ಧ ಎನ್ನುವುದು ಒಂದು ಕಡೆ, ಎಷ್ಟು ತೊಳೆದರೂ ಕೆಸರು ಬಿಡುತ್ತಲೇ ಇರುತ್ತದೆ. ಅಂಗಡಿಯ ಬಣ್ಣದ ಕಲ್ಲುಗಳಂತೂ ಕೋರಿಗೆ ಪ್ರಯೋಜನವೇ ಇಲ್ಲ. ಸಂದಿಯಲ್ಲಿ ಆಹಾರ ಇಳಿದು ಕೊಳೆಯುತ್ತದೆ. ಅಕ್ವೇರಿಯಂ ಅಂಗಡಿಯ ನಯವಾದ ಸಿಲಿಕಾ ಮರಳು ತನ್ನಿ. ಹಳೆಯ ಹೊಳೆ ಮರಳು ಮನೆಯಲ್ಲಿ ಉಳಿದಿದ್ದರೆ ಸಣ್ಣ ಜರಡಿಯಲ್ಲಿ ಹಿಡಿದು ಬಳಸಬಹುದು.

ಪರೀಕ್ಷೆ ಸುಲಭ. ಒದ್ದೆ ಮರಳನ್ನು ಅಂಗೈಯಲ್ಲಿ ಹಾಕಿ ಹೆಬ್ಬೆರಳಿಂದ ಒತ್ತಿ ಉಜ್ಜಿ. ಚುಚ್ಚಿದರೆ ಬೇಡ. ಆಮೇಲೆ ಒಣ ಮರಳಿನ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣದ ಅಂಶ ಇದೆ ಎಂದರ್ಥ, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಪಾಸಾದ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು 3 ಸೆಂಟಿಮೀಟರ್ ದಪ್ಪಕ್ಕೆ ಹಾಸಿ. ಮೂರು ಅಡಿ ಟ್ಯಾಂಕಿಗೆ 13 ಕಿಲೋ ಸುಮಾರು ಬೇಕಾಗುತ್ತದೆ. ಅದಕ್ಕಿಂತ ದಪ್ಪ ಬೇಡ, ಅಡಿಯಲ್ಲಿ ಗಾಳಿಯಾಡದೆ ಕೆಡುತ್ತದೆ.

ಕಲ್ಲಿನ ವಿಷಯದಲ್ಲಿ ನಾವು ಪುಣ್ಯವಂತರು. ನಮ್ಮ ಸುತ್ತ ಇರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು, ಅದು ನೀರಿಗೆ ಏನನ್ನೂ ಬಿಡುವುದಿಲ್ಲ. ದುಂಡನೆಯ ಕಲ್ಲುಗಳನ್ನು ಆರಿಸಿ, ಉಜ್ಜಿ ತೊಳೆದು, ಮರಳು ಹಾಕುವ ಮುಂಚೆಯೇ ಗಾಜಿನ ಮೇಲೆ ಭದ್ರವಾಗಿ ಕೂರಿಸಿ. ಅಡಗಲು ತೆಂಗಿನ ಕರಟ ಸೊಗಸು. ತಿಪಟೂರಿನ ಜಿಲ್ಲೆಯಲ್ಲಿ ಕರಟಕ್ಕೇನು ಬರ? ಕಾಯಿಯ ಅಂಶ ಚೂರೂ ಉಳಿಯದಂತೆ ಕೆರೆದು, ಚೆನ್ನಾಗಿ ಕುದಿಸಿ, ಒಂದು ಕಡೆ ಬಾಗಿಲಿನಂತೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ ಬೋರಲು ಹಾಕಿ. ಉದುರಿ ಒಣಗಿದ ಕಾಡುಬಾದಾಮಿ ಎಲೆ ಎರಡು ಮೂರು ಹಾಕಿದರೆ ನೀರು ತೆಳು ಚಹಾ ಬಣ್ಣಕ್ಕೆ ತಿರುಗುತ್ತದೆ, ಮೀನಿಗೆ ಅದು ಹಿತ. ಔಷಧಿ ಹೊಡೆದ ಮರದ ಎಲೆ ಬೇಡ. ಗಿಡ ಬೇಕಿದ್ದರೆ ಜಾವಾ ಫರ್ನ್, ಅನುಬಿಯಾಸ್ ಸಾಕು, ಕಲ್ಲಿಗೆ ದಾರದಲ್ಲಿ ಕಟ್ಟಿ.

ಹರಿವು, ಗಾಳಿ, ಕರೆಂಟು

ಹೊಳೆಯ ಮೀನಿಗೆ ಆಮ್ಲಜನಕ ಜಾಸ್ತಿ ಬೇಕು. ನೀರು ಬಿಸಿಯಾದಷ್ಟೂ ಅದು ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದಕ್ಕೇ ಬೇಸಿಗೆಯಲ್ಲಿ ಪಂಪು ಒಂದು ರಾತ್ರಿ ನಿಂತರೂ ಅಪಾಯ.

ಗಂಟೆಗೆ 350ರಿಂದ 400 ಲೀಟರ್ ಎಳೆಯುವ ಒಂದು ಪವರ್ ಫಿಲ್ಟರ್, ಜೊತೆಗೆ ಗಾಳಿ ಪಂಪಿನಿಂದ ಓಡುವ ಒಂದು ಸ್ಪಾಂಜ್ ಫಿಲ್ಟರ್ ಇರಲಿ. ಮೊದಲನೆಯದರ ಬಾಯಿಯನ್ನು ಉದ್ದಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಅಲುಗಾಡುವಂತೆ ಇಡಿ. ಒಂದು ತುದಿಯಲ್ಲಿ ಹರಿವು ಜೋರು, ಇನ್ನೊಂದು ತುದಿಯಲ್ಲಿ ನಿಧಾನ ಇರಬೇಕು. ಎಲ್ಲಿ ಇರಬೇಕೆಂದು ಮೀನೇ ಆರಿಸಿಕೊಳ್ಳುತ್ತದೆ. ಕರೆಂಟು ಹೋದಾಗ ಸ್ಪಾಂಜ್ ಫಿಲ್ಟರ್ ಪಂಪು ಇನ್ವರ್ಟರ್‌ನಲ್ಲಿ ಓಡಲಿ. ಅದು ಎಳೆಯುವುದು ನಾಲ್ಕೈದು ವ್ಯಾಟ್ ಅಷ್ಟೇ. ಇನ್ವರ್ಟರ್ ಇಲ್ಲದವರು ಯುಎಸ್‌ಬಿ ಪಂಪು ತಂದು ಪವರ್ ಬ್ಯಾಂಕಿಗೆ ಸಿಕ್ಕಿಸಬಹುದು. ಗಾಳಿಯ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕರೆಂಟು ಹೋದ ಕೂಡಲೇ ಟ್ಯಾಂಕಿನ ನೀರು ಪೈಪಿನೊಳಗೆ ವಾಪಸ್ ಹರಿದು ಪಂಪಿಗೂ ನೆಲಕ್ಕೂ ಬರುತ್ತದೆ.

ಕೋರಿ ಆಗಾಗ ರೊಯ್ಯನೆ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಕುಡಿದು ಇಳಿಯುತ್ತದೆ. ಗಾಬರಿ ಬೇಡ. ಕರುಳಿನಿಂದಲೂ ಉಸಿರಾಡುವ ಶಕ್ತಿ ಅದಕ್ಕಿದೆ. ಆದರೆ ನಿಮಿಷಕ್ಕೊಂದು ಸಲ ಎಲ್ಲವೂ ಮೇಲೆ ಓಡುತ್ತಿದ್ದರೆ ನೀರು ಕೆಟ್ಟಿದೆ ಎಂದೇ ತಿಳಿಯಿರಿ. ಗಾಳಿ ಕುಡಿಯಲು ಮುಚ್ಚಳದ ಕೆಳಗೆ ಎರಡು ಇಂಚು ಖಾಲಿ ಬಿಡಿ.

ಬೇಸಿಗೆಯಲ್ಲಿ ನೀರು 28 ದಾಟಿದರೆ ಮುಚ್ಚಳ ತೆಗೆದು ಬಲೆ ಹೊದಿಸಿ, ಸಣ್ಣ ಟೇಬಲ್ ಫ್ಯಾನನ್ನು ಮೇಲ್ಮೈಗೆ ತಿರುಗಿಸಿ. ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬತ್ತಿದಷ್ಟಕ್ಕೆ ಬರೀ ಆರ್‌ಒ ನೀರು ಸೇರಿಸಿ. ನೀರು ಮಾತ್ರ ಹೋಗಿರುತ್ತದೆ, ಲವಣ ಒಳಗೇ ಉಳಿದಿರುತ್ತದೆ. ಐಸ್ ಗಡ್ಡೆ ಹಾಕುವುದು ಬೇಡ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ, ಅದರಲ್ಲೂ ಚಿಕ್ಕಬಳ್ಳಾಪುರ ಕಡೆ, 75 ವ್ಯಾಟಿನ ಹೀಟರನ್ನು 23 ಡಿಗ್ರಿಗೆ ಇಟ್ಟರೆ ಏರಿಳಿತ ತಪ್ಪುತ್ತದೆ.

ಮೀನಿಲ್ಲದ ಒಂದೂವರೆ ತಿಂಗಳು

ಟ್ಯಾಂಕ್ ತುಂಬಿಸಿ, ಫಿಲ್ಟರ್ ಶುರು ಮಾಡಿ, ಮೀನು ಮಾತ್ರ ತರಬೇಡಿ. ಮೀನಿನ ಹಿಕ್ಕೆಯಿಂದ ಅಮೋನಿಯ ಬರುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದರ ಕಾಟ ಕಡಿಮೆ. ಈ ಬ್ಯಾಕ್ಟೀರಿಯಾ ಸ್ಪಾಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಆರೋಗ್ಯವಾದ ಟ್ಯಾಂಕ್ ಇರುವ ಗೆಳೆಯರಿಂದ ಹಳೆ ಸ್ಪಾಂಜಿನ ತುಂಡು ಸಿಕ್ಕರೆ ಬೇಗ ಆಗುತ್ತದೆ.

ಬೋರ್ ನೀರಿನವರು ಇದರಲ್ಲಿ ಇನ್ನೂ ಎಚ್ಚರ ಇರಬೇಕು. ಪಿಎಚ್ ಮತ್ತು ಬಿಸಿ ಎರಡೂ ಏರಿದಂತೆ ಅದೇ ಪ್ರಮಾಣದ ಅಮೋನಿಯ ಹಲವು ಪಟ್ಟು ಹೆಚ್ಚು ವಿಷವಾಗುತ್ತದೆ. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಬಂದು ಒಂದು ವಾರ ಹಾಗೇ ನಿಂತ ಮೇಲೆ ಮೀನು ತನ್ನಿ.

ಮೀನು ಆರಿಸುವುದು, ತರುವುದು, ಬಿಡುವುದು

ಅಂಗಡಿಯಲ್ಲಿ ಮೊದಲು ಮೀಸೆ ನೋಡಿ. ಉದ್ದವಾಗಿ, ಎರಡೂ ಕಡೆ ಸಮ ಇರಬೇಕು. ಹೊಟ್ಟೆ ಒಳಗೆ ಅಂಟಿರಬಾರದು, ಹೊಟ್ಟೆಯಡಿ ಕೆಂಪು ಕಲೆ ಇರಬಾರದು. ಬೆನ್ನ ರೆಕ್ಕೆ ನೆಟ್ಟಗಿರಬೇಕು. ಆಹಾರ ಹಾಕಿಸಿ ನೋಡಿ, ಓಡಿ ಬಂದರೆ ಒಳ್ಳೆ ಮೀನು.

ಬೆಂಗಳೂರಿಂದ ಬಸ್ಸಿನಲ್ಲಿ ತರುವುದಾದರೆ ಎರಡು ಕವರ್ ಹಾಕಿಸಿ. ಹೆದರಿದ ಕೋರಿ ಬೆನ್ನು ಮತ್ತು ಪಕ್ಕದ ಮುಳ್ಳುಗಳನ್ನು ಬಿಗಿಯಾಗಿ ನಿಲ್ಲಿಸಿಬಿಡುತ್ತದೆ, ಕವರ್ ತೂತಾಗುತ್ತದೆ. ಒತ್ತಡದಲ್ಲಿ ಕೆಲವು ಕೋರಿಗಳು ಮೈಯಿಂದ ವಿಷ ಬಿಡುವುದೂ ಉಂಟು. ಹಾಗಾಗಿ ಒಂದೇ ಕವರಿನಲ್ಲಿ ತುಂಬ ಮೀನು ತುರುಕಿಸಬೇಡಿ, ಕವರಿನ ನೀರನ್ನು ಟ್ಯಾಂಕಿಗೆ ಸುರಿಯಲೂಬೇಡಿ.

ಮನೆಗೆ ಬಂದ ಮೇಲೆ ಲೈಟ್ ಆರಿಸಿ. ಕವರನ್ನು ಇಪ್ಪತ್ತು ನಿಮಿಷ ತೇಲಿ ಬಿಡಿ. ಆಮೇಲೆ ಕವರ್ ಬಿಚ್ಚಿ, ಐದು ನಿಮಿಷಕ್ಕೊಂದು ಸಲ ಸಣ್ಣ ಲೋಟದಲ್ಲಿ ಟ್ಯಾಂಕಿನ ನೀರು ಸೇರಿಸುತ್ತಾ ಹೋಗಿ. ಮುಕ್ಕಾಲು ಗಂಟೆ ಆಗಲಿ. ಬಲೆ ಬದಲು ಪ್ಲಾಸ್ಟಿಕ್ ಲೋಟದಲ್ಲೇ ಮೀನನ್ನು ಎತ್ತಿ ಬಿಡಿ. ಬಲೆಗೆ ಮುಳ್ಳು ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ, ಎಳೆದರೆ ರೆಕ್ಕೆ ಹರಿಯುತ್ತದೆ.

ಗಿರ್ಲು ಸಾಕುವವರು ಕೈಯಲ್ಲಿ ಹಿಡಿಯಲೇಬಾರದು. ಮುಳ್ಳು ಚುಚ್ಚಿದರೆ ಗಾಯ ತೊಳೆದು, ಚರ್ಮ ಸುಡದಷ್ಟು ಬಿಸಿ ನೀರಲ್ಲಿ ಕೈ ಅದ್ದಿ. ವಿಷ ಬಿಸಿಗೆ ಕುಗ್ಗುತ್ತದೆ, ನೋವು ಇಳಿಯುತ್ತದೆ. ಊತ ಏರಿದರೆ ಅಥವಾ ಮುಳ್ಳು ಒಳಗೇ ಮುರಿದಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಜೊತೆಗೆ ಜೀಬ್ರಾ ಡೇನಿಯೋ, ಸಣ್ಣ ಟೆಟ್ರಾ ಹೊಂದುತ್ತವೆ. ಸಿಕ್ಲಿಡ್ ಜಾತಿಯ ದೊಡ್ಡ ಮೀನು ಬೇಡ.

ಊಟ ಮತ್ತು ವಾರದ ಕೆಲಸ

ಕೋರಿಯನ್ನು ‘ಕ್ಲೀನಿಂಗ್ ಮೀನು’ ಎಂದು ಮಾರುತ್ತಾರೆ. ನನಗೆ ಬೇಸರ ತರುವ ಮಾತು ಇದು. ಇದನ್ನು ನಂಬಿ ಜನ ಅದಕ್ಕೆಂದು ಊಟವನ್ನೇ ಹಾಕುವುದಿಲ್ಲ. ಕೋರಿ ಹಿಕ್ಕೆ ತಿನ್ನುವುದಿಲ್ಲ, ಪಾಚಿಯನ್ನೂ ಹೆಚ್ಚಾಗಿ ಮುಟ್ಟುವುದಿಲ್ಲ. ಹೊಳೆಯಲ್ಲಿ ಅದು ತಿನ್ನುವುದು ಹುಳ, ಕೀಟದ ಮರಿ. ಆದ್ದರಿಂದ ಮುಳುಗುವ ಪೆಲೆಟ್ ಹಾಕಿ, ವಾರಕ್ಕೆ ಎರಡು ಸಲ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಕೆಂಪು ಹುಳ) ಕೊಡಿ. ಮೇಲಿನ ಮೀನುಗಳು ಎಲ್ಲ ಕಸಿದುಕೊಳ್ಳುತ್ತಿದ್ದರೆ ಲೈಟ್ ಆರಿಸಿದ ಮೇಲೆ ಹಾಕಿ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ. ಚರಂಡಿಯಿಂದ ತರುವ ಜೀವಂತ ಟ್ಯುಬಿಫೆಕ್ಸ್ ಹುಳ ರೋಗ ತರುತ್ತದೆ, ಬೇಡ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸೈಫನ್ ಪೈಪನ್ನು ಮರಳಿನ ಸ್ವಲ್ಪ ಮೇಲೆ ಹಿಡಿದು ಕಸ ಎಳೆಯಿರಿ, ಬೆರಳಿಂದ ಮರಳನ್ನು ಹಗುರವಾಗಿ ಕೆದಕಿ. ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಹೊರ ತೆಗೆದ ಟ್ಯಾಂಕ್ ನೀರಲ್ಲೇ ಎರಡು ಸಲ ಹಿಂಡಿದರೆ ಸಾಕು, ಇಲ್ಲವಾದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಕಾಯಿಲೆ ಬಂದರೆ ಔಷಧಿಯನ್ನು ಅರ್ಧ ಪ್ರಮಾಣದಿಂದ ಶುರು ಮಾಡಿ. ಕಲ್ಲುಪ್ಪು ಸುರಿಯುವ ನಾಟಿ ಚಿಕಿತ್ಸೆಯನ್ನು ಕೋರಿ ತಡೆಯುವುದಿಲ್ಲ.

ಮೊಟ್ಟೆ ಇಟ್ಟರೆ

ಎಲ್ಲ ಸರಿಯಿದ್ದರೆ ಮುಂಗಾರಿನ ಹೊತ್ತಿಗೆ ಕೋರಿಗಳು ತಾವೇ ಮೊಟ್ಟೆ ಇಡಬಹುದು. ಕೆಲವು ದಿನ ಬ್ಲಡ್‌ವರ್ಮ್ ಚೆನ್ನಾಗಿ ಕೊಟ್ಟು, ಆಮೇಲೆ ಮೂರು ನಾಲ್ಕು ಡಿಗ್ರಿ ತಂಪಾದ ಮೆದು ನೀರನ್ನು ಕಾಲು ಭಾಗ ಸೇರಿಸಿ. ಹೊಳೆಗೆ ಮಳೆ ನೀರು ಬಂತೆಂದು ಅವು ಭಾವಿಸುತ್ತವೆ. ಗಂಡುಗಳು ಹೆಣ್ಣನ್ನು ಗಾಜಿನುದ್ದಕ್ಕೂ ಅಟ್ಟಿಸಿಕೊಂಡು ಹೋಗುತ್ತವೆ. ಹೆಣ್ಣು ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಜೋಡಿಸಿ ಎರಡು ಮೂರು ಮೊಟ್ಟೆ ಹಿಡಿದುಕೊಂಡು, ಬಾಯಿಂದ ಗಾಜನ್ನು ಒರೆಸಿ, ಅಲ್ಲಿ ಅಂಟಿಸುತ್ತದೆ.

ಮೊಟ್ಟೆಯನ್ನು ದೊಡ್ಡವೇ ತಿಂದುಬಿಡುತ್ತವೆ. ಬೆರಳ ತುದಿಯಿಂದ ಹಗುರವಾಗಿ ಉರುಳಿಸಿ ತೆಗೆದು, ಅದೇ ಟ್ಯಾಂಕಿನ ನೀರಿರುವ ಡಬ್ಬಿಗೆ ಹಾಕಿ. ಗಾಳಿ ಬಿಡಿ. ಬೂಸ್ಟು ಬರದಿರಲು ಮೆಥಿಲೀನ್ ಬ್ಲೂ ಒಂದೆರಡು ಹನಿ ಸಾಕು. ಬೆಳ್ಳಗಾದ ಮೊಟ್ಟೆ ಆಗಾಗ ತೆಗೆಯುತ್ತಿರಿ. ಮೂರರಿಂದ ಐದು ದಿನಕ್ಕೆ ಒಡೆಯುತ್ತವೆ. ಮೊದಲೆರಡು ದಿನ ಮರಿಗೆ ಹೊಟ್ಟೆಯ ಭಂಡಾರವೇ ಊಟ. ಆಮೇಲೆ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆರ್ಟೀಮಿಯಾ (ಪುಟ್ಟ ಸಿಗಡಿಯಂಥ ಜೀವಿ) ಅಥವಾ ಮೈಕ್ರೋವರ್ಮ್ ಎಂಬ ಸಣ್ಣ ಹುಳ ದಿನಕ್ಕೆ ಮೂರು ಸಲ ಕೊಡಿ. ಬೇಯಿಸಿದ ಮೊಟ್ಟೆಯ ಹಳದಿ ಹಾಕಬೇಡಿ, ಡಬ್ಬಿಯ ನೀರು ಒಂದೇ ರಾತ್ರಿಗೆ ನಾರುತ್ತದೆ. ದಿನಾ ಸ್ವಲ್ಪ ನೀರು ಬದಲಿಸಿ, ತಳ ಒರೆಸಿ.

ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋಗುವಾಗ ಊಟದ ಚಿಂತೆ ಬೇಡ. ದೊಡ್ಡ ಕೋರಿಗಳು ಐದಾರು ದಿನ ಉಪವಾಸ ಇರಬಲ್ಲವು. ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿ ಕೊಡಬೇಡಿ, ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ. ದಿನಕ್ಕೊಮ್ಮೆ ಬಂದು ಗಾಳಿಯ ಗುಳ್ಳೆ ಏಳುತ್ತಿದೆಯಾ ಎಂದು ನೋಡಲು ಹೇಳಿ, ಪವರ್ ಬ್ಯಾಂಕ್ ಎಲ್ಲಿದೆ ಎಂದು ತೋರಿಸಿ ಹೋಗಿ.